ಪಾಠ ಹೇಳಿದ್ದೂ ಕಲಾವಿದನ ಕೃತಿಯೇ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಗ್ನೇಯ ಏಷ್ಯಾದ ಚಿತ್ರಕಲೆಯನ್ನು ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಓದಿ ಸಂತೋಷವಾಯಿತು. ಕಲೆ ಎಂದರೆ ಪ್ಯಾರಿಸ್ಸು, ಫ್ಲಾರೆನ್ಸು ಎಂದು ಭಾವಿಸುವ ಅಭ್ಯಾಸ ನಮ್ಮ ಪತ್ರಿಕೆಗಳಲ್ಲಿ ಇನ್ನೂ ಹೋಗಿಲ್ಲವಾದ್ದರಿಂದ, ನೆರೆಯ ಏಷ್ಯಾದ ನಾಡುಗಳ ಕಡೆಗೆ ಕಣ್ಣು ಹಾಯಿಸಿದ್ದಕ್ಕೆ ಲೇಖಕರಿಗೂ ತಮಗೂ ಕೃತಜ್ಞನಾಗಿದ್ದೇನೆ. ಆದರೆ ಫಿಲಿಪ್ಪೀನ್ಸಿಗೆ ಮೀಸಲಾದ ಭಾಗದಲ್ಲಿ ಹುವಾನ್ ಲೂನಾ ಮತ್ತು ಫೆರ್ನಾಂಡೊ ಅಮೊರ್ಸೊಲೊ ಎಂಬ ಎರಡೇ ಹೆಸರುಗಳು ಬಂದು, ಅಲ್ಲಿಂದ ಬರಹ ನೇರವಾಗಿ ಇಂದಿನ ಹರಾಜು ಮಾರುಕಟ್ಟೆಯ ಬೆಲೆಗಳಿಗೆ ದಾಟಿಬಿಟ್ಟಿತು. ಆ ಎರಡರ ನಡುವೆ ನಿಂತು ಆ ದೇಶದ ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿದ, ಮೂರು ದಶಕಗಳ ಕಾಲ ತರಗತಿಯಲ್ಲಿ ನಿಂತು ಪಾಠ ಹೇಳಿದ ವಿಕ್ಟೋರಿಯೊ ಎಡಾಡೆಸ್ ಅವರ ಹೆಸರು ಒಮ್ಮೆಯೂ ಕಾಣಿಸಲಿಲ್ಲ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ಬಿಟ್ಟುಹೋದ ಹೆಸರು ಬಹಳ ಕಾಡಿತು. ಇದು ಒಂದು ಹೆಸರು ಸೇರಿಸಿದರೆ ಮುಗಿಯುವ ಮಾತಲ್ಲ ಎಂಬುದು ನನ್ನ ನಂಬಿಕೆಯಾದ್ದರಿಂದ ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಮನ್ನಿಸಬೇಕು.

ಎಡಾಡೆಸ್ ಹುಟ್ಟಿದ್ದು 1895ರ ಡಿಸೆಂಬರ್ 23ರಂದು, ಲುಸೋನ್ ದ್ವೀಪದ ಪಂಗಸಿನಾನ್ ಪ್ರಾಂತ್ಯದ ದಗುಪಾನ್ ಬಳಿಯ ಬೊಲೊಸಾನ್ ಎಂಬ ಊರಿನಲ್ಲಿ. ಅವರು ಹುಟ್ಟಿದಾಗ ಆ ನಾಡು ಸ್ಪೇನಿನ ಅಧೀನದಲ್ಲಿತ್ತು. ಅವರು ಶಾಲೆಗೆ ಹೋಗುವ ವಯಸ್ಸಿಗೆ ಬರುವ ಹೊತ್ತಿಗೆ ಅಮೆರಿಕದವರು ಬಂದು ಆಳುತ್ತಿದ್ದರು, ಪಾಠಗಳು ಇಂಗ್ಲಿಷಿಗೆ ತಿರುಗಿದ್ದವು. ಶಾಲೆಯಲ್ಲಿದ್ದಾಗಲೇ ಉಳಿದ ಮಕ್ಕಳಿಗೆ ಚಿತ್ರ ಬರೆಯುವುದನ್ನು ತೋರಿಸಿಕೊಡುವಷ್ಟು ಕೈ ಪಳಗಿದ್ದ ಈ ಹುಡುಗ 1919ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹೋದವರು ಓದಿನ ಖರ್ಚು ಹೊಂದಿಸಲು ಅಲಾಸ್ಕಾದ ಸಾಲ್ಮನ್ ಮೀನಿನ ಡಬ್ಬಿ ಕಾರ್ಖಾನೆಗಳಲ್ಲಿ ದುಡಿದರು. ಬೇಸಿಗೆ ಬಂತೆಂದರೆ ಅಮೆರಿಕದ ಪಶ್ಚಿಮ ಕರಾವಳಿಯಿಂದ ಈ ಕೆಲಸಕ್ಕೆ ಉತ್ತರಕ್ಕೆ ಹೋಗುತ್ತಿದ್ದ ಫಿಲಿಪ್ಪಿನೊ ಕೂಲಿಗಾರರಿಗೆ 'ಅಲಾಸ್ಕೆರೊ' ಎಂಬ ಹೆಸರೇ ಇತ್ತು. ಮೀನು ಸೀಳಿ, ತೊಳೆದು, ಡಬ್ಬಿ ತುಂಬುವ ಆ ಸಾಲಿನಲ್ಲಿ ನಿಂತವರಲ್ಲಿ ಎಡಾಡೆಸ್ ಕೂಡ ಒಬ್ಬರು. ಮುಂದೆ ಅವರ ಚಿತ್ರಗಳಲ್ಲಿ ಬೆವರಿನ, ಕೆಸರಿನ, ಭಾರ ಎಳೆಯುವ ಮೈಗಳು ಬಂದದ್ದಕ್ಕೆ ಕಲಾ ಇತಿಹಾಸಕಾರರು ಸೆಜಾನ್ ಮುಂತಾದ ಯುರೋಪಿನ ಚಿತ್ರಕಾರರ ಪ್ರಭಾವವನ್ನು ಕಾರಣವಾಗಿ ಹೇಳುತ್ತಾರೆ. ಅದು ಸರಿಯೇ. ಆದರೂ ದುಡಿದ ಮೈಯ ನೆನಪು ಆ ಚಿತ್ರಗಳಲ್ಲಿ ಇದ್ದೇ ಇದೆ ಎಂದು ನನಗೆ ಅನ್ನಿಸುತ್ತದೆ.

ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಮೊದಲು ವಾಸ್ತುಶಿಲ್ಪ ಓದಿದರು, ಆಮೇಲೆ ಚಿತ್ರಕಲೆಗೆ ಹೊರಳಿದರು. ಅಲ್ಲಿದ್ದಾಗ ಯುರೋಪಿನ ಆಧುನಿಕ ಕಲಾವಿದರ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕಿತು, ಮತ್ತು ಆ ನೋಟ ಅವರನ್ನು ಅಲುಗಾಡಿಸಿತು. ಅಲ್ಲಿಯೇ ಜೀನ್ ಗ್ಯಾರಟ್ ಎಂಬ ಅಮೆರಿಕನ್ ಮಹಿಳೆಯನ್ನು ಮದುವೆಯಾದರು. ಸ್ನಾತಕೋತ್ತರ ಪದವಿಗಾಗಿ ಬರೆದ ದೊಡ್ಡ ಚಿತ್ರವೇ 'ದ ಬಿಲ್ಡರ್ಸ್', ಅಂದರೆ ಕಟ್ಟುವವರು. 1928ರಲ್ಲಿ ಆ ಚಿತ್ರವನ್ನೂ ಇನ್ನುಳಿದವನ್ನೂ ತೆಗೆದುಕೊಂಡು ತಾಯ್ನಾಡಿಗೆ ಮರಳಿದರು.

ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಡ್ಡಕ್ಕೆ ಉದ್ದವಾಗಿ ಚಾಚಿಕೊಂಡ ಹಲಗೆಯ ತುಂಬ ಕಲ್ಲಿನೊಂದಿಗೆ ಸೆಣಸುತ್ತಿರುವ ಗಂಡಾಳುಗಳು. ಮೈಮೇಲೆ ಬಟ್ಟೆ ಇಲ್ಲವೆನ್ನುವಷ್ಟು ಕಡಿಮೆ. ಮುಖಗಳಿಗಿಂತ ಮೊದಲು ಬೆನ್ನು, ಭುಜ, ತೊಡೆಗಳು ಕಣ್ಣಿಗೆ ಬೀಳುತ್ತವೆ. ಸ್ನಾಯುಗಳು ಅಂಗರಚನಾ ಶಾಸ್ತ್ರದ ಪುಸ್ತಕದಲ್ಲಿ ಇರುವಂತೆ ಇಲ್ಲ. ಎಳೆತದ ದಿಕ್ಕಿಗೆ ಉಬ್ಬಿವೆ, ತಿರುಚಿಕೊಂಡಿವೆ, ಕಪ್ಪು ರೇಖೆಗಳು ಅವನ್ನು ಒರಟಾಗಿ ಸುತ್ತುಗಟ್ಟಿವೆ. ಬಣ್ಣವೆಂದರೆ ಮಣ್ಣಿನ ಹಳದಿ, ಕಂದು, ಬೂದಿ, ಮಸಿ. ಬಿಸಿಲಿನ ಹೊಳಪು ಎಲ್ಲಿಯೂ ಇಲ್ಲ. ಕುಂಚದ ಗೀರುಗಳನ್ನು ನಯಗೊಳಿಸುವ ಪ್ರಯತ್ನವೇ ನಡೆದಿಲ್ಲ. ಕಟ್ಟುತ್ತಿರುವ ಕಟ್ಟಡದ ಮೇಲೆ ಚಿತ್ರಕಾರನಿಗೆ ಆಸಕ್ತಿಯಿಲ್ಲ. ಕಟ್ಟಲು ಬೇಕಾದ ಬಲ ಒಂದು ಮೈಯಿಂದ ಇನ್ನೊಂದು ಮೈಗೆ ಹರಿಯುವುದನ್ನೇ ಆತ ಬರೆದಿದ್ದಾನೆ.

1928ರ ಡಿಸೆಂಬರಿನಲ್ಲಿ ಮನಿಲಾದ ಫಿಲಿಪ್ಪೀನ್ ಕೊಲಂಬಿಯನ್ ಕ್ಲಬ್ಬಿನಲ್ಲಿ ಈ ಚಿತ್ರವೂ ಸೇರಿದಂತೆ ಎಡಾಡೆಸ್ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ನೋಡಿದವರು ದಂಗಾದರು. ಕೊಳಕು ಎಂದವರುಂಟು, ಬರೆಯಲು ಬಾರದವನ ಕೈಕೆಲಸ ಎಂದವರೂ ಉಂಟು. ಒಂದು ಚಿತ್ರವೂ ಮಾರಾಟವಾಗಲಿಲ್ಲ. ಇಂದು ಆ ಪ್ರದರ್ಶನವನ್ನು ಫಿಲಿಪ್ಪೀನ್ಸಿನ ಆಧುನಿಕ ಕಲೆಯ ಆರಂಭ ಎಂದು ಅಲ್ಲಿಯ ಕಲಾ ಇತಿಹಾಸಗಳು ಗುರುತಿಸುತ್ತವೆ. 'ದ ಬಿಲ್ಡರ್ಸ್' ಈಗ ಫಿಲಿಪ್ಪೀನ್ಸಿನ ಸಾಂಸ್ಕೃತಿಕ ಕೇಂದ್ರದ ಸಂಗ್ರಹದಲ್ಲಿದೆ.

ಆ ದಿನದ ನೋಡುಗರನ್ನು ಮೂರ್ಖರೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಅವರ ಕಣ್ಣು ಯಾವುದಕ್ಕೆ ಒಗ್ಗಿತ್ತು ಎಂಬುದನ್ನು ತಿಳಿಯಬೇಕಾದರೆ ನಿಮ್ಮ ಲೇಖನ ಹೆಸರಿಸಿದ ಇಬ್ಬರ ಕಡೆಗೇ ತಿರುಗಬೇಕು. ಫಿಲಿಪ್ಪೀನ್ಸಿನಲ್ಲಿ ಚಿತ್ರಕಲೆಯ ಶಾಲೆ ಹೊಸದಲ್ಲ. 1820ರ ದಶಕದಲ್ಲಿಯೇ ದಾಮಿಯಾನ್ ದೊಮಿಂಗೊ ಎಂಬ ಕಲಾವಿದ ಮನಿಲಾದಲ್ಲಿ ರೇಖಾಚಿತ್ರದ ಶಾಲೆಯನ್ನು ನಡೆಸಿದ್ದರು. 1884ರಲ್ಲಿ ಹುವಾನ್ ಲೂನಾ ಅವರ 'ಸ್ಪೋಲಿಯಾರಿಯಂ' ಮ್ಯಾಡ್ರಿಡ್‌ನ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಾಗ, ಆಳುವವರ ಕಲೆಯಲ್ಲಿ ಆಳುವವರನ್ನೇ ಮೀರಿಸಬಲ್ಲೆವು ಎಂಬ ಹೆಮ್ಮೆ ಆ ನಾಡಿನ ವಿದ್ಯಾವಂತರಲ್ಲಿ ಮೂಡಿತು. ಯುರೋಪಿನ ಅಕಾಡೆಮಿಯ ವಿದ್ಯೆ ಅವರ ಪಾಲಿಗೆ ದಾಸ್ಯದ ಗುರುತಾಗಿರಲಿಲ್ಲ, ಸ್ವಾಭಿಮಾನದ ಗುರುತಾಗಿತ್ತು. ಅಂಥ ವಿದ್ಯೆಯನ್ನು ಒಬ್ಬ ತರುಣ ಅಮೆರಿಕದಿಂದ ಬಂದು ಬೇಡವೆಂದರೆ ಸಿಟ್ಟು ಬಾರದಿರುವುದು ಹೇಗೆ?

ಅಮೊರ್ಸೊಲೊ ಅವರ ವಿಚಾರವೂ ಅಷ್ಟೇ. ಅವರು 1892ರಲ್ಲಿ ಮನಿಲಾದ ಪಾಕೊ ಎಂಬಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡವರು, ಚಿತ್ರಕಾರರೇ ಆಗಿದ್ದ ಬಂಧು ಫಾಬಿಯಾನ್ ದೆ ಲಾ ರೋಸಾ ಅವರ ಆಶ್ರಯದಲ್ಲಿ ಕುಂಚ ಹಿಡಿದವರು. ಹೊಟ್ಟೆಪಾಡಿಗೆ ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆದರು. ಒಂದು ಹೆಸರಾಂತ ಜಿನ್ ಬಾಟಲಿಯ ಮೇಲಿನ, ಸಂತ ಮೈಕೇಲನು ಸೈತಾನನನ್ನು ಮೆಟ್ಟಿ ನಿಂತ ಚಿತ್ರವೂ ಅವರದೇ. ಮ್ಯಾಡ್ರಿಡ್‌ನಲ್ಲಿ ಓದಿ ಬಂದ ಮೇಲೆ, 1922ರ 'ಭತ್ತದ ನಾಟಿ'ಯಂಥ ಚಿತ್ರಗಳಿಂದ ಅವರು ಮನೆಮಾತಾದರು. ಸೂರ್ಯನನ್ನು ಆಕೃತಿಗಳ ಬೆನ್ನಹಿಂದೆ ಇರಿಸಿ, ನಾಟಿ ಹಚ್ಚುವ ಹೆಂಗಸಿನ ಕೂದಲಿನ, ಭುಜದ ಅಂಚಿಗೆ ಮಾತ್ರ ಚಿನ್ನದ ಗೆರೆ ಹೊಳೆಯುವಂತೆ ಬಣ್ಣ ಇಡುವ ಅವರ ವಿದ್ಯೆಯನ್ನು ಸುಮ್ಮನೆ ಹಗುರ ಮಾಡಲಾಗದು. ಹಿಂಬೆಳಕಿನಲ್ಲಿ ಮುಖದ ನೆರಳು ಕಪ್ಪಾಗಿ ಸತ್ತುಹೋಗದಂತೆ ಅದರೊಳಗೆ ಬಿಸುಪನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ತೈಲವರ್ಣದಲ್ಲಿ ಕೈ ಆಡಿಸಿದ ಯಾರಿಗೂ ಗೊತ್ತು. ಆದರೆ ಆ ಚಿತ್ರಗಳ ಹೊಲದಲ್ಲಿ ಯಾರೂ ದಣಿಯುವುದಿಲ್ಲ, ಯಾರ ಕಾಲೂ ಕೆಸರಿನಿಂದ ಬಿರಿಯುವುದಿಲ್ಲ. ಅಮೆರಿಕನ್ ಅಧಿಕಾರಿಗಳೂ ಪ್ರವಾಸಿಗರೂ ಅವನ್ನು ಊರಿಗೆ ಕೊಂಡೊಯ್ಯುತ್ತಿದ್ದರು, ಪ್ರವಾಸದ ಭಿತ್ತಿಪತ್ರಗಳಲ್ಲಿಯೂ 'ಭತ್ತದ ನಾಟಿ' ಅಚ್ಚಾಯಿತು. ಎಡಾಡೆಸ್ ಅವರ ತಕರಾರು ಇದ್ದದ್ದು ಇಲ್ಲಿ. ಕಣ್ಣಿಗೆ ಹಿತವಾದದ್ದೊಂದೇ ಕಲೆಯಲ್ಲ, ಬದುಕಿನಲ್ಲಿ ಕುರೂಪವೂ ದಣಿವೂ ಇವೆ, ಅವನ್ನು ಹೇಳಲು ಆಕಾರವನ್ನು ಬಾಗಿಸಬೇಕಾದರೆ ಬಾಗಿಸುವ ಹಕ್ಕು ಚಿತ್ರಕಾರನಿಗಿದೆ ಎಂಬುದು ಅವರ ವಾದವಾಗಿತ್ತು.

ಇಲ್ಲಿಯವರೆಗಿನ ಕಥೆ ಪ್ರಪಂಚದ ಬೇರೆ ಎಷ್ಟೋ ಊರುಗಳಲ್ಲಿಯೂ ನಡೆದಿದೆ. ತಿರಸ್ಕೃತನಾದ ಕಲಾವಿದ ಒಂದೋ ಕಹಿಯಾಗಿ ಒಂಟಿಯಾಗುತ್ತಾನೆ, ಇಲ್ಲವೇ ಊರು ಬಿಡುತ್ತಾನೆ. ಎಡಾಡೆಸ್ ಎರಡನ್ನೂ ಮಾಡಲಿಲ್ಲ. ಅವರು ಶಾಲೆ ಕಟ್ಟಿದರು. ನಾನು ಈ ಪತ್ರ ಬರೆಯಲು ಕಾರಣ ಇದೇ.

1930ರಲ್ಲಿ ಮನಿಲಾದ ಸಾಂತೊ ತೋಮಾಸ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗವನ್ನು ಕಟ್ಟುವ ಕೆಲಸಕ್ಕೆ ಅವರು ಸೇರಿದರು. ಇದು 1611ರಲ್ಲಿ ಡೊಮಿನಿಕನ್ ಪಾದ್ರಿಗಳು ಸ್ಥಾಪಿಸಿದ, ಏಷ್ಯಾದ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದು. ಸಂಪ್ರದಾಯದ ಕೋಟೆ ಎನ್ನಬಹುದಾದ ಇಂಥ ಜಾಗದಲ್ಲಿಯೇ ಆಧುನಿಕ ಕಲೆಯ ಪಾಠ ಶುರುವಾಯಿತು ಎಂಬುದು ನನಗೆ ಇಂದಿಗೂ ಸೋಜಿಗ. 1935ರ ಹೊತ್ತಿಗೆ ಅಲ್ಲಿ ವಾಸ್ತುಶಿಲ್ಪ ಮತ್ತು ಲಲಿತಕಲೆಗಳ ಕಾಲೇಜು ರೂಪುಗೊಂಡು, ಎಡಾಡೆಸ್ ಅದರ ನಿರ್ದೇಶಕರಾದರು. ಆಗ ಚಿತ್ರಕಲೆ ಕಲಿಯಬೇಕೆನ್ನುವವರಿಗೆ ಇದ್ದ ಮುಖ್ಯ ದಾರಿಯೆಂದರೆ 1909ರಲ್ಲಿ ಆರಂಭವಾಗಿದ್ದ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಲಲಿತಕಲಾ ಶಾಲೆ. ಕೈಯ ತಾಲೀಮೇ ಅಲ್ಲಿಯ ಪಾಠದ ಜೀವಾಳ. ಎಡಾಡೆಸ್ ತಮ್ಮ ಕಾಲೇಜಿನಲ್ಲಿ ಕೈಯ ತಾಲೀಮಿನ ಜೊತೆಗೆ ಕಲೆಯ ಇತಿಹಾಸವನ್ನೂ ಪರಭಾಷೆಗಳನ್ನೂ ಇತರ ಮಾನವಿಕ ವಿಷಯಗಳನ್ನೂ ಪಠ್ಯಕ್ರಮಕ್ಕೆ ಸೇರಿಸಿ, ಅದನ್ನು ಪೂರ್ಣ ಪ್ರಮಾಣದ ಪದವಿಯಾಗಿ ಮಾಡಿದರು. ಚಿತ್ರಕಾರನು ಕುಶಲಕರ್ಮಿ ಮಾತ್ರವಲ್ಲ, ಓದಿ ಯೋಚಿಸಬೇಕಾದವನು, ತನ್ನ ಕೆಲಸದ ಬಗ್ಗೆ ನಾಲ್ಕು ಜನರ ಮುಂದೆ ವಾದಿಸಬಲ್ಲವನು ಎಂಬ ನಿಲುವು ಇದರ ಹಿಂದಿತ್ತು. ಇಂದು ಇದು ಸಹಜವಾಗಿ ಕಾಣುತ್ತದೆ. ಕಲಾವಿದನೆಂದರೆ ಹೇಳಿದ ಮುಖವನ್ನು ಹೇಳಿದ ಬೆಲೆಗೆ ಬರೆದುಕೊಡುವವನು ಎಂದು ಸಮಾಜ ನಂಬಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ.

ಪಠ್ಯಕ್ರಮಕ್ಕಿಂತಲೂ ಮುಖ್ಯವಾದದ್ದು ಅವರು ಆರಿಸಿಕೊಂಡ ಜೊತೆಗಾರರು. ಕಾರ್ಲೋಸ್ ಫ್ರಾನ್ಸಿಸ್ಕೊ ಮತ್ತು ಗಾಲೊ ಒಕಾಂಪೊ ಎಂಬ ಇಬ್ಬರು ತರುಣರನ್ನು, ತಮಗಿಂತ ಸುಮಾರು ಹದಿನೇಳು ವರ್ಷ ಚಿಕ್ಕವರನ್ನು, ಎಡಾಡೆಸ್ ಹತ್ತಿರಕ್ಕೆ ಕರೆದುಕೊಂಡರು. ಈ ಮೂವರನ್ನು ಫಿಲಿಪ್ಪೀನ್ಸಿನ ಕಲಾವಲಯ ಆಧುನಿಕ ಕಲೆಯ ತ್ರಿಮೂರ್ತಿಗಳೆಂದು ಕರೆಯುತ್ತದೆ. 1935ರಲ್ಲಿ ವಾಸ್ತುಶಿಲ್ಪಿ ಹುವಾನ್ ನಾಕ್ಪಿಲ್ ಮನಿಲಾದ ಎಸ್ಕೋಲ್ತಾ ಬೀದಿಯಲ್ಲಿ ಕಟ್ಟಿದ ಕ್ಯಾಪಿಟಲ್ ಚಿತ್ರಮಂದಿರಕ್ಕೆ ಮೂವರೂ ಕೂಡಿ 'ಏಳುತ್ತಿರುವ ಫಿಲಿಪ್ಪೀನ್ಸ್' ಎಂಬ ಭಿತ್ತಿಚಿತ್ರ ಬರೆದರು. ಸ್ವಾತಂತ್ರ್ಯಕ್ಕೆ ಮುನ್ನುಡಿಯಾಗಿ ಫಿಲಿಪ್ಪೀನ್ಸಿಗೆ ಸ್ವಂತ ಅಧ್ಯಕ್ಷ, ಸ್ವಂತ ಸಂವಿಧಾನ ದೊರೆತ ವರ್ಷವದು. 'ಇಂಟರ್ಯಾಕ್ಷನ್' ಎಂಬ ಇನ್ನೊಂದು ಭಿತ್ತಿಚಿತ್ರವೂ ಮೂವರದು. ಕಲಿಸುವವನ ಕಣ್ಣಿನಿಂದ ನೋಡಿದರೆ ಈ ಭಿತ್ತಿಚಿತ್ರಗಳ ಮಹತ್ವ ಬೇರೆಯೇ ಆಗಿ ಕಾಣುತ್ತದೆ. ಹಿರಿಯನೊಬ್ಬ ಪ್ರದರ್ಶನಕ್ಕೆ ತನ್ನ ಚಿತ್ರ ಬರೆದುಕೊಳ್ಳುತ್ತ ಕಿರಿಯರಿಗೆ ತರಗತಿಯಲ್ಲಿ ತಿದ್ದುಪಡಿ ಹೇಳುವುದು ಒಂದು ರೀತಿ. ಒಂದೇ ಗೋಡೆಯ ಮುಂದೆ ಅವರ ಪಕ್ಕದಲ್ಲಿ ನಿಂತು, ತನ್ನ ರೇಖೆಗೆ ಅವರ ರೇಖೆ ಕೂಡಿಕೊಳ್ಳುವಂತೆ, ಅವರ ಬಣ್ಣಕ್ಕಾಗಿ ತನ್ನ ಬಣ್ಣವನ್ನು ತಗ್ಗಿಸಿಕೊಳ್ಳುತ್ತ ದುಡಿಯುವುದು ಇನ್ನೊಂದು ರೀತಿ. ಎರಡನೆಯದರಲ್ಲಿ ಗುರುವಿಗೂ ಪರೀಕ್ಷೆಯಿದೆ. ವಯಸ್ಸು ಮತ್ತು ಹುದ್ದೆ ಎರಡೂ ಇದ್ದವರು ಆ ಪರೀಕ್ಷೆಗೆ ತಾವಾಗಿ ಇಳಿಯುವುದು ಅಪರೂಪ.

ಆ ಇಬ್ಬರು ತರುಣರು ಮುಂದೆ ಏನಾದರು ಎಂಬುದನ್ನು ನೋಡಿದರೆ ಎಡಾಡೆಸ್ ಅವರ ಬೋಧನೆಯ ಗುಣ ತಿಳಿಯುತ್ತದೆ. 'ಬೊತೊಂಗ್' ಎಂದೇ ಜನ ಕರೆಯುತ್ತಿದ್ದ ಕಾರ್ಲೋಸ್ ಫ್ರಾನ್ಸಿಸ್ಕೊ ತಮ್ಮ ಹುಟ್ಟೂರಾದ ಅಂಗೊನೊಗೆ, ದೊಡ್ಡ ಸರೋವರದ ದಡದ ಮೀನುಗಾರರ ಊರಿಗೆ ಮರಳಿ, ಅಲ್ಲಿಂದಲೇ ಬೃಹತ್ ಭಿತ್ತಿಚಿತ್ರಗಳನ್ನು ಬರೆದರು. ಮನಿಲಾ ನಗರಸಭೆಯ ಕಟ್ಟಡಕ್ಕಾಗಿ 1960ರ ದಶಕದಲ್ಲಿ ಬರೆದ, ಫಿಲಿಪ್ಪಿನೊ ಜನರ ಹೋರಾಟದ ಇತಿಹಾಸವನ್ನು ಹೇಳುವ ಅವರ ಚಿತ್ರಮಾಲೆ ಈಗ ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಕಾಲಘಟ್ಟ ಇನ್ನೊಂದಕ್ಕೆ ಹೊಳೆಯಂತೆ ಬಳುಕಿ ಸೇರುವ ಆ ಚಿತ್ರಗಳಲ್ಲಿ ಬಣ್ಣಗಳು ಉಜ್ವಲವಾಗಿವೆ, ರೇಖೆಗಳು ಅಲಂಕಾರಪ್ರಿಯವಾಗಿವೆ. 'ದ ಬಿಲ್ಡರ್ಸ್' ಚಿತ್ರದ ಮಣ್ಣುಬಣ್ಣದ ಸುಳಿವೂ ಅಲ್ಲಿಲ್ಲ. ಗಾಲೊ ಒಕಾಂಪೊ 1938ರಲ್ಲಿ ಬರೆದ 'ಬ್ರೌನ್ ಮಡೊನ್ನಾ' ಇನ್ನೊಂದು ಬಗೆಯದು. ಸ್ಪೇನಿನವರು ತಂದ ಬಿಳಿ ಮೈಬಣ್ಣದ ಮೇರಿಯ ಬದಲು ಅಲ್ಲಿ ಕಂದು ಮೈಯ, ನಾಡಿನ ಉಡುಪುಟ್ಟ ತಾಯಿ ಮಗುವನ್ನು ಎತ್ತಿಕೊಂಡಿದ್ದಾಳೆ. ತಲೆಯ ಹಿಂದಿನ ಪ್ರಭಾವಳಿಯ ಜಾಗದಲ್ಲಿ ಅನಹಾವ್ ಎಂಬ ತಾಳೆ ಜಾತಿಯ ಮರದ ಬೀಸಣಿಗೆಯಾಕಾರದ ಎಲೆ ಅರಳಿದೆ. ನಾಲ್ಕು ದಿಕ್ಕಿಗೂ ಚರ್ಚುಗಳಿರುವ ದೇಶದಲ್ಲಿ, ಅದೂ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಜೊತೆಗಿದ್ದವರೊಬ್ಬರು ಇದನ್ನು ಬರೆದರು. ಆಗ ಮೂಗು ಮುರಿದವರಿದ್ದರು, ಇಂದು ಆ ಚಿತ್ರ ಅದೇ ವಿಶ್ವವಿದ್ಯಾಲಯದ ಸಂಗ್ರಹಾಲಯದ ಹೆಮ್ಮೆ.

ಗಮನಿಸಬೇಕಾದದ್ದು ಏನೆಂದರೆ, ಇಬ್ಬರಲ್ಲಿ ಯಾರೂ ಎಡಾಡೆಸ್ ಅವರಂತೆ ಬರೆಯಲಿಲ್ಲ. ಒಬ್ಬ ಕಲಾಶಿಕ್ಷಕನ ಬಗ್ಗೆ ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ತಿಳಿಯದು. ತನ್ನ ಕೈಬರಹವನ್ನೇ ಮಕ್ಕಳ ಕೈಗೆ ಇಳಿಸಿಬಿಡುವ ಆಸೆ ಕಲಿಸುವ ಪ್ರತಿಯೊಬ್ಬನಿಗೂ ಇರುತ್ತದೆ, ಮತ್ತು ಅದು ಬೇಗ ಕೈಗೂಡುತ್ತದೆ ಕೂಡ. ಹೂಜಿಯ ನೆರಳನ್ನು ಮಾಸ್ತರು ಎಡಕ್ಕೆ ಹಾಕಿದರೆ, ಕಿಟಕಿಯ ಬೆಳಕು ಯಾವ ಕಡೆಯಿಂದ ಬರುತ್ತಿದ್ದರೂ ಇಡೀ ತರಗತಿಯ ಹೂಜಿಗಳ ನೆರಳು ಎಡಕ್ಕೇ ಬೀಳುತ್ತದೆ. ಅದನ್ನು ತಡೆದು, ಕಿಟಕಿಯ ಕಡೆ ನೋಡು ಎಂದು ಹೇಳುವುದೇ ಕಲಿಸುವವನ ನಿಜವಾದ ಕೆಲಸ.

1938ರಲ್ಲಿ ಎಡಾಡೆಸ್ ಆಧುನಿಕರೆಂದು ಹದಿಮೂರು ಜನರ ಹೆಸರುಗಳನ್ನು ಮುಂದಿಟ್ಟರು. ಆ ಕಾಲದಲ್ಲಿ ಅವರಲ್ಲಿ ಹೆಚ್ಚಿನವರು ಇನ್ನೂ ಹೆಸರು ಮಾಡದವರು. ವಿಸೆಂತೆ ಮನನ್ಸಾಲಾ, ಸೆಸಾರ್ ಲೆಗಾಸ್ಪಿ, ಶಾಲೆಯಲ್ಲಿ ಚಿತ್ರಕಲೆ ಕಲಿಯದೆಯೇ ತಾನಾಗಿ ಕಲಿತ ಬರಹಗಾರ ಹೆರ್ನಾಂಡೊ ಒಕಾಂಪೊ, ದಿಯೋಸ್ದಾದೊ ಲೊರೆಂಜೊ ಮುಂತಾದವರ ಜೊತೆಗೆ ಅನಿತಾ ಮಗ್ಸಾಯ್ಸಾಯ್ ಎಂಬ ತರುಣಿಯೂ ಆ ಪಟ್ಟಿಯಲ್ಲಿದ್ದರು, ಅವರೊಬ್ಬರೇ ಮಹಿಳೆ. ಅವರ ಮನೆತನದ ಹೆಸರು ಕನ್ನಡಿಗರಿಗೆ ಪರಿಚಿತವಾದದ್ದು. ಅದೇ ಮನೆತನದ ರಾಷ್ಟ್ರಾಧ್ಯಕ್ಷ ರಾಮೋನ್ ಮಗ್ಸಾಯ್ಸಾಯ್ ಹೆಸರಿನ ಪ್ರಶಸ್ತಿ 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಸಂದಿತ್ತು. ಹದಿಮೂರು ಜನರಲ್ಲಿ ಐವರು ಮುಂದೆ ಕಲಾಕ್ಷೇತ್ರದಲ್ಲಿ ಆ ದೇಶದ ಅತ್ಯುನ್ನತ ಗೌರವವಾದ ರಾಷ್ಟ್ರೀಯ ಕಲಾವಿದ ಬಿರುದನ್ನು ಪಡೆದರು. ಯಾರಲ್ಲಿ ಕಸುವಿದೆ ಎಂದು ಮೊಳಕೆಯಲ್ಲಿಯೇ ಗುರುತಿಸುವುದು, ಗುರುತಿಸಿದ್ದನ್ನು ಬಾಯಿಬಿಟ್ಟು ಹೇಳುವುದು, ಹೇಳಿದ್ದಕ್ಕೆ ಬರುವ ಟೀಕೆಯನ್ನು ತಾನು ಹೊರುವುದು, ಇವೆಲ್ಲ ಶಿಕ್ಷಕನ ಕೆಲಸಗಳೇ ಅಲ್ಲವೇ?

ಟೀಕೆ ಸಾಕಷ್ಟು ಬಂತು. ಅದರಲ್ಲಿ ಹೆಚ್ಚು ಹೆಸರಾದದ್ದು ಶಿಲ್ಪಿ ಗಿಯೆರ್ಮೊ ತೊಲೆಂತಿನೊ ಅವರೊಂದಿಗೆ ಪತ್ರಿಕೆಗಳಲ್ಲಿ ನಡೆದ ದೀರ್ಘ ವಾದ. ತೊಲೆಂತಿನೊ ಸಾಮಾನ್ಯರಲ್ಲ. ಸ್ಪೇನಿನ ವಿರುದ್ಧದ ಕ್ರಾಂತಿಯ ನಾಯಕ ಬೊನಿಫಾಸಿಯೊ ಅವರ 1933ರ ಸ್ಮಾರಕವನ್ನೂ, ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಗುರುತಾಗಿರುವ, ಎರಡೂ ತೋಳು ಚಾಚಿ ನಿಂತ 'ಒಬ್ಲೇಶನ್' ಪ್ರತಿಮೆಯನ್ನೂ ಮಾಡಿದವರು, ಅಲ್ಲಿಯ ಲಲಿತಕಲಾ ಶಾಲೆಯಲ್ಲಿ ತಲೆಮಾರುಗಳಿಗೆ ಕಲಿಸಿದವರು. ಪ್ರಕೃತಿಯ ಆಕಾರವನ್ನು ಕೆಡಿಸುವುದು ಕಲೆಯಲ್ಲ ಎಂದು ಅವರು ನಂಬಿದ್ದರು. ಈ ವಾದ ವಿದ್ವಾಂಸರ ಸಭೆಯ ಒಳಗೆ ಉಳಿಯದೆ ದಿನಪತ್ರಿಕೆ ಓದುವ ಸಾಮಾನ್ಯ ಜನರ ಮುಂದೆ ನಡೆಯಿತು, ಚಿತ್ರವೆಂದರೇನು ಎಂದು ಊರೇ ಕೇಳಿಕೊಳ್ಳುವಂತಾಯಿತು. ಸಂಪಾದಕರಾದ ತಮಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ಕಲೆಯ ಸುದ್ದಿಗೆ ಪತ್ರಿಕೆಯ ಒಂದು ಅಂಕಣ ಬಿಟ್ಟುಕೊಟ್ಟರೆ ಏನು ಸಾಧ್ಯ ಎಂಬುದಕ್ಕೆ ಮನಿಲಾದ ಆ ವರ್ಷಗಳು ಸಾಕ್ಷಿಯಾಗಿವೆ.

ಯುದ್ಧ ಬಂತು. 1942ರ ಜನವರಿಯಿಂದ 1945ರ ಫೆಬ್ರವರಿಯವರೆಗೆ ಸಾಂತೊ ತೋಮಾಸ್ ವಿಶ್ವವಿದ್ಯಾಲಯದ ಆವರಣವನ್ನು ಜಪಾನಿ ಸೇನೆ ಅಮೆರಿಕನ್, ಬ್ರಿಟಿಷ್ ಮೊದಲಾದ ನಾಗರಿಕರನ್ನು ಕೂಡಿಹಾಕುವ ಶಿಬಿರವಾಗಿ ಬಳಸಿತು. 1945ರ ಮನಿಲಾ ಕದನದಲ್ಲಿ ಹಳೆಯ ನಗರದ ಬಹುಪಾಲು ನೆಲಸಮವಾಯಿತು. ಅಮೊರ್ಸೊಲೊ ಕೂಡ ಆಗ ಉರಿಯುವ ನಗರವನ್ನು, ನೊಂದ ಹೆಂಗಸರನ್ನು ಬರೆದರು. ಚಿನ್ನದ ಬಿಸಿಲಿನ ಆ ಕೈಗೆ ಕತ್ತಲೂ ಗೊತ್ತಿತ್ತು ಎಂಬುದನ್ನು ಅವರನ್ನು ಟೀಕಿಸುವವರು ಮರೆಯಬಾರದು. ಆ ಯುದ್ಧದ ಬಳಿಕ ಹೊಸ ಚಿತ್ರಗಳನ್ನು ಕೊಳಕು ಎಂದು ತಳ್ಳಿಹಾಕುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಆದರೂ ಜಗಳ ನಿಲ್ಲಲಿಲ್ಲ. 1955ರಲ್ಲಿ ಫಿಲಿಪ್ಪೀನ್ಸ್ ಕಲಾ ಸಂಘದ ವಾರ್ಷಿಕ ಸ್ಪರ್ಧೆಯ ಬಹುಮಾನಗಳು ಆಧುನಿಕರ ಪಾಲಾದಾಗ, ಸಂಪ್ರದಾಯದ ಕಲಾವಿದರು ತಮ್ಮ ಚಿತ್ರಗಳನ್ನು ಕೆಳಗಿಳಿಸಿಕೊಂಡು ಹೊರನಡೆದು, ರಸ್ತೆಬದಿಯಲ್ಲಿಯೇ ಅವನ್ನು ಪ್ರದರ್ಶಿಸಿದರು. 1928ರಲ್ಲಿ ಒಂದು ಚಿತ್ರವೂ ಮಾರದೆ ಹೋದವರ ಪಕ್ಷಕ್ಕೆ ಇಪ್ಪತ್ತೇಳು ವರ್ಷಗಳಲ್ಲಿ ಬಂದ ಬಲ ಅಷ್ಟು. ಅದು ಒಬ್ಬರ ಚಿತ್ರಗಳಿಂದ ಬಂದ ಬಲವಲ್ಲ, ವರ್ಷ ವರ್ಷ ತರಗತಿಯಿಂದ ಹೊರಬಂದ ವಿದ್ಯಾರ್ಥಿಗಳಿಂದ, ಅವರನ್ನು ಕಂಡು ಧೈರ್ಯ ತಾಳಿದ ಇತರರಿಂದ ಬಂದದ್ದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೊತೊಂಗ್, ಮನನ್ಸಾಲಾ, ಲೆಗಾಸ್ಪಿ, ಅನಿತಾ, ಇವರೆಲ್ಲ ಮೊದಲು ರೇಖೆ ಕಲಿತದ್ದು ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಶಾಲೆಯಲ್ಲಿ, ಅಮೊರ್ಸೊಲೊ ಮತ್ತು ಅವರ ಸಹೋದ್ಯೋಗಿಗಳಿದ್ದ ಶಾಲೆಯಲ್ಲಿ. ಅಮೊರ್ಸೊಲೊ 1938ರಿಂದ 1952ರವರೆಗೆ ಅಲ್ಲಿಯ ನಿರ್ದೇಶಕರೂ ಆಗಿದ್ದರು. ಆಕಾರವನ್ನು ಬಾಗಿಸುವ ಮೊದಲು ಅದನ್ನು ನೇರವಾಗಿ ಬರೆಯಲು ಕಲಿಸಿದವರು ಆ ಹಳೆಯ ಶಾಲೆಯವರೇ. ಆದ್ದರಿಂದ ಎಡಾಡೆಸ್ ಅವರನ್ನು ಎತ್ತಿಹಿಡಿಯಲು ಅಮೊರ್ಸೊಲೊ ಅವರನ್ನು ಕೆಳಗಿಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅವರೂ ಕಲಾಶಿಕ್ಷಕರೇ, ನಿಮ್ಮ ಲೇಖನದಲ್ಲಿ ಅವರ ಆ ಮುಖವೂ ಬರಲಿಲ್ಲ ಎಂಬುದು ನನ್ನ ಎರಡನೆಯ ಆಕ್ಷೇಪ.

ರಾಷ್ಟ್ರೀಯ ಕಲಾವಿದ ಬಿರುದು ಮೊದಲು ಸಂದದ್ದು 1972ರಲ್ಲಿ ಅಮೊರ್ಸೊಲೊ ಅವರಿಗೆ, ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ. 1973ರಲ್ಲಿ ತೊಲೆಂತಿನೊ ಅವರಿಗೂ, ಆಗಲೇ ತೀರಿಕೊಂಡಿದ್ದ ಬೊತೊಂಗ್ ಅವರಿಗೂ ಅದು ದೊರೆಯಿತು. ಎಡಾಡೆಸ್ ಅವರ ಸರದಿ ಬಂದದ್ದು 1976ರಲ್ಲಿ. ಅಂದರೆ ವಾದದಲ್ಲಿ ಎದುರಾಳಿಯಾಗಿದ್ದವರಿಗೂ, ತಾವು ಕೈಹಿಡಿದು ಕರೆತಂದ ಕಿರಿಯನಿಗೂ ಆದ ಮೇಲೆ. ಆಗ ಅವರು ಮನಿಲಾದ ಗದ್ದಲದಿಂದ ದೂರ, ದಕ್ಷಿಣದ ಮಿಂದನಾವೊ ದ್ವೀಪದ ದಾವಾವೊ ನಗರದಲ್ಲಿ ನೆಲೆಸಿದ್ದರು. ನಿವೃತ್ತಿಯ ನಂತರ ಅಲ್ಲಿಗೆ ಹೋದವರು ಅಲ್ಲಿಯೂ ಕಾಲೇಜೊಂದರಲ್ಲಿ ಕಲೆಯ ಪಾಠ ಹೇಳಿದರು. ಸಾಂತೊ ತೋಮಾಸ್‌ನಲ್ಲಿ ಓದಿ, ಮುಂದೆ ತಾವೂ ರಾಷ್ಟ್ರೀಯ ಕಲಾವಿದರಾದ ಆಂಗ್ ಕ್ಯುಕೊಕ್ ಹುಟ್ಟಿದ ಊರೂ ದಾವಾವೊ ಎಂಬುದು ಒಂದು ಸುಂದರ ಕಾಕತಾಳೀಯ. ಎಡಾಡೆಸ್ 1985ರ ಮಾರ್ಚ್ 7ರಂದು ನಿಧನರಾದರು.

ಅವರು ಬರೆದ ಚಿತ್ರಗಳ ಸಂಖ್ಯೆ ಅಮೊರ್ಸೊಲೊ ಅವರದಕ್ಕೆ ಹೋಲಿಸಿದರೆ ಬಹಳ ಸಣ್ಣದು. ಪಠ್ಯಕ್ರಮ ರಚನೆ, ಅಧ್ಯಾಪಕರ ಆಯ್ಕೆ, ಆಡಳಿತದವರೊಡನೆ ಮಾತುಕತೆ, ಪತ್ರಿಕೆಯ ವಾದಗಳಿಗೆ ಉತ್ತರ, ವಿದ್ಯಾರ್ಥಿಗಳ ಕೆಲಸ ನೋಡುವುದು, ಇವುಗಳಿಗೆ ಹೋದ ಸಮಯ ಅವರ ಚಿತ್ರಗಳಿಂದಲೇ ಕಡಿತವಾದ ಸಮಯ. ಕ್ಯಾನ್ವಾಸ್ ಎಣಿಸುವ, ಹರಾಜಿನ ಬೆಲೆ ಎಣಿಸುವ ಲೆಕ್ಕದಲ್ಲಿ ಇಂಥವರು ಯಾವಾಗಲೂ ಕೆಳಗೆ ಜಾರುತ್ತಾರೆ, ಮತ್ತು ನಿಮ್ಮ ಲೇಖನದಲ್ಲಿ ಆದದ್ದೂ ಅದೇ. ಇದು ಫಿಲಿಪ್ಪೀನ್ಸಿಗೆ ಮಾತ್ರ ಆಗುವ ಅನ್ಯಾಯವಲ್ಲ. ನಮ್ಮಲ್ಲಿ ಧಾರವಾಡದ ಡಿ.ವಿ. ಹಾಲಭಾವಿ, ಗದಗಿನ ಟಿ.ಪಿ. ಅಕ್ಕಿ, ಬೆಂಗಳೂರಿನ ಕೆನ್ ಕಲಾಶಾಲೆಯ ಆರ್.ಎಂ. ಹಡಪದ ಇವರೆಲ್ಲ ಸ್ವತಃ ಚಿತ್ರಕಾರರಾಗಿದ್ದೂ ಶಾಲೆ ನಡೆಸುವುದಕ್ಕೆ ಆಯುಷ್ಯ ಕೊಟ್ಟವರು. ಕರ್ನಾಟಕದ ಕಲಾವಿದರ ಪರಿಚಯ ಲೇಖನಗಳಲ್ಲಿ ಇವರ ಹೆಸರು ಬರುವುದು ಹೆಚ್ಚಾಗಿ 'ಇಂಥವರ ಬಳಿ ಅಭ್ಯಾಸ ಮಾಡಿದರು' ಎಂಬ ಅರ್ಧ ಸಾಲಿನಲ್ಲಿ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಕಲಾವಿದರನ್ನು ಕುರಿತ ಲೇಖನಗಳಿಗೆ ಬರಹಗಾರರನ್ನು ನೇಮಿಸುವಾಗ, ಆ ಕಲಾವಿದ ಯಾರಿಗೆ ಕಲಿಸಿದ, ಏನು ಕಲಿಸಿದ, ಅವನ ವಿದ್ಯಾರ್ಥಿಗಳು ಅವನಿಗಿಂತ ಬೇರೆಯಾಗಿ ಏನು ಮಾಡಿದರು ಎಂಬ ಪ್ರಶ್ನೆಗಳನ್ನೂ ಕೇಳಿ ಬರೆಯಲು ದಯವಿಟ್ಟು ಸೂಚಿಸಬೇಕು. ಎರಡನೆಯದಾಗಿ, ಆಗ್ನೇಯ ಏಷ್ಯಾದ ಕಲೆಯ ಲೇಖನಮಾಲೆ ಮುಂದುವರಿಯುವುದಾದರೆ ಎಡಾಡೆಸ್ ಅವರಿಗೆ ಒಂದು ಪೂರ್ಣ ಪುಟ ಮೀಸಲಿಡಬೇಕು. ಅದರಲ್ಲಿ 'ದ ಬಿಲ್ಡರ್ಸ್' ಮತ್ತು 'ಬ್ರೌನ್ ಮಡೊನ್ನಾ' ಚಿತ್ರಗಳನ್ನು ಅಕ್ಕಪಕ್ಕದಲ್ಲಿ, ಕಪ್ಪು ಬಿಳುಪಿನಲ್ಲಿ ಅಲ್ಲ, ಬಣ್ಣದಲ್ಲಿಯೇ ಅಚ್ಚುಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದರ ಮಣ್ಣಿನ ಬಣ್ಣಗಳು ಕಪ್ಪು ಬಿಳುಪಿನಲ್ಲಿ ಬರೀ ಮಸಿಯಾಗಿ ಕಾಣುತ್ತವೆ, ಎರಡನೆಯದರಲ್ಲಿ ಆ ತಾಯಿಯ ಮೈಬಣ್ಣವೇ ಮುಖ್ಯ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ,
ಧಾರವಾಡ